ಗುಂಡಿಯಕ್ಕ ಕೂಗಿ ಹಿಡಿದ ರೂಮುಗಳು

ಊರಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಬ್ಯಾಂಕಿನವರಿಗೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಗುಂಡಿಯಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಹೊಲಿಗೆ ಅಂಗಡಿಯಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ಒಂದೇ. ಆಮೇಲೆ ಅಳತೆ ತೆಗೆಯಲು ಕಲಿತಳು, ಕತ್ತರಿ ಹಿಡಿದಳು, ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೇ ಹೆಗಲಿಗೇರಿಸಿಕೊಂಡಳು. ಹೆಸರು ಮಾತ್ರ ಗುಂಡಿಯಲ್ಲೇ ನಿಂತುಬಿಟ್ಟಿತು. ಗುಂಡಿಗೆ ಬಿದ್ದವಳು ಮೇಲೆ ಬರೋದು ಹೇಗೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಮನೆಯ ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಸಂಸಾರವೆಂದರೆ ಅವಳು ಮತ್ತು ಅವಳ ನಾದಿನಿ, ಇಬ್ಬರೇ. ನಾದಿನಿಗೆ ಮದುವೆಯಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡುತ್ತದೆ ಎಂದು ಇಪ್ಪತ್ತಾರು ವರ್ಷ ಮೈಕಿನಲ್ಲಿ ಹೇಳಿದವಳು. ಊರು ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿತ್ತು. ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾದ ದನಿ. ಆದರೆ ದಿನವಿಡೀ ಊರಿಗೆಲ್ಲ ಮಾತು ಹಂಚಿ ಮನೆಗೆ ಬಂದಾಗ ಅತ್ತಿಗೆಯ ಪಾಲಿಗೆ ಉಳಿಯುತ್ತಿದ್ದುದು ಚುಚ್ಚುಮಾತು ಮಾತ್ರ. ಅಣ್ಣನಿಗೆ ಬೇರೆ ಕಡೆಯಿಂದ ಹೆಣ್ಣು ತರಬೇಕೆಂದು ಒಂದು ಕಾಲದಲ್ಲಿ ಹಟ ಹಿಡಿದಿದ್ದವಳು ಅವಳು. ಅಣ್ಣ ಹೋಗಿ ಹತ್ತು ವರ್ಷವಾದರೂ ಆ ಹಟದ ಹೊಗೆ ಪೂರ್ತಿ ಆರಿರಲಿಲ್ಲ. ಇಬ್ಬರೂ ಜಗಳವಾಡುತ್ತಿರಲಿಲ್ಲ. ಒಂದೇ ಒಲೆ, ಎರಡು ತಟ್ಟೆ, ಮಧ್ಯೆ ಸುಮ್ಮನಿರುವುದು, ಹಾಗೆ ನಡೆದಿತ್ತು ಕಾಲ.

ಒಂದು ಸಲ ಮೈಕಮ್ಮನ ನಾಲಿಗೆಯ ಬದಿಯಲ್ಲಿ ಹುಣ್ಣಾಯಿತು. ಹಲ್ಲು ತಾಗಿರಬೇಕು ಎಂದುಕೊಂಡು ಎರಡು ತಿಂಗಳು ಕಳೆದಳು. ಗುಂಡಿಯಕ್ಕನೇ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕ್ಯಾನ್ಸರಿನ ಗಂಟು ಎಂದು ಕೊಯ್ದು ತೆಗೆದರು. ಬೇಗ ಬಂದಿದ್ದೀರಿ, ವಾಸಿಯಾಗುತ್ತದೆ, ಆದರೆ ಆರು ವಾರ, ವಾರಕ್ಕೆ ಐದು ದಿನ, ತಪ್ಪದೆ ಬಂದು ವಿಕಿರಣದ ಚಿಕಿತ್ಸೆ ತೆಗೆದುಕೊಳ್ಳಬೇಕು ಎಂದರು. ಮಿಷನ್ನಿನ ಕೆಳಗೆ ಮಲಗುವುದು ದಿನಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕಾಗಿ ಊರಿನಿಂದ ಮೂರು ತಾಸು ಹೋಗಿ, ಮೂರು ತಾಸು ಬರುವುದು ಆಗದ ಮಾತು. ಆಸ್ಪತ್ರೆಯ ಸ್ವಂತ ವಸತಿಗೃಹದಲ್ಲಿ ಜಾಗಕ್ಕೆ ಕಾಯುವವರ ಪಟ್ಟಿ ಹನುಮಂತನ ಬಾಲದಷ್ಟಿತ್ತು.

ಮೊದಲ ವಾರ ನಗರದ ಹೊರಗಿನ ಒಂದು ಅಗ್ಗದ ಲಾಡ್ಜಿನಲ್ಲಿ ಉಳಿದರು. ಅಲ್ಲಿಂದ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು, ಒಂದೂವರೆ ತಾಸು, ಅದೂ ನಿಂತುಕೊಂಡು. ಗೋಡೆಯೆಲ್ಲ ಒದ್ದೆ, ನಲ್ಲಿಯಲ್ಲಿ ನೀರು ಬೆಳಗ್ಗೆ ಒಂದು ಗಂಟೆ ಮಾತ್ರ. ನಾಲ್ಕನೆಯ ದಿನ ವಾಪಸು ಬರುವಾಗ ಮೈಕಮ್ಮ ಬಸ್ಸಿನಲ್ಲೇ ವಾಂತಿ ಮಾಡಿಕೊಂಡಳು. ಕಂಡಕ್ಟರು ರೇಗಿದ. ಅಷ್ಟು ವರ್ಷ ಬಸ್ಸಿನವರ ಜೊತೆಯೇ ಬಾಳಿದವಳು ತಲೆ ತಗ್ಗಿಸಿ ನಿಂತಳು. ಹೀಗೆ ಇನ್ನೈದು ವಾರ ನಡೆಯಲಾರದು ಎಂದು ಅವತ್ತೇ ಗುಂಡಿಯಕ್ಕನಿಗೆ ಖಾತ್ರಿಯಾಯಿತು. ಆಸ್ಪತ್ರೆಯ ಸುತ್ತ ಒಳ್ಳೆಯ ಹೋಟೆಲುಗಳಿಗೇನೂ ಬರವಿರಲಿಲ್ಲ. ಬಾಡಿಗೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುವಂತಿತ್ತು.

ವಾರದ ಕೊನೆಗೆ ಇಬ್ಬರೂ ಊರಿಗೆ ಬಂದರು. ಶನಿವಾರ ಅಂಗಡಿ ತೆರೆದಾಗ ಮೊದಲು ಬಂದವನು ಔಷಧಿ ಕಂಪನಿಯ ಮಾರಾಟಗಾರ. ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುವ ಮನುಷ್ಯ. ಸುತ್ತಿ ಸುತ್ತಿ ತೆಳ್ಳಗಾಗಬೇಕಾದವನು ಹೋಟೆಲಿನ ಊಟ ಮಾಡಿ ದಪ್ಪಗಾಗಿ ಪ್ಯಾಂಟಿನ ಸೊಂಟ ಬಿಚ್ಚಿಸಲು ಬಂದಿದ್ದ. ಅಳತೆ ತೆಗೆಯುತ್ತ ಗುಂಡಿಯಕ್ಕ ತನ್ನ ಪಾಡು ಹೇಳಿಕೊಂಡಳು. ಅವನು ಕನಿಕರದ ಮಾತು ಒಂದೂ ಆಡಲಿಲ್ಲ. ಅವಳ ಫೋನು ಕೇಳಿ ತೆಗೆದುಕೊಂಡು, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

ಅವನು ಹೇಳಿದ ಸಂಗತಿ ಹೀಗಿತ್ತು. ಇಂಟರ್ನೆಟ್ಟಿನಲ್ಲಿ ಹೋಟೆಲು ರೂಮುಗಳನ್ನು ಹರಾಜಿನ ಹಾಗೆ ಕೂಗಿ ಹಿಡಿಯುವ ಸೈಟುಗಳಿವೆ. ನಗರದ ನಕ್ಷೆಯಲ್ಲಿ ಯಾವ ಭಾಗ ಬೇಕೋ ಅದನ್ನು ಒತ್ತಬೇಕು. ಎಷ್ಟು ನಕ್ಷತ್ರದ ಹೋಟೆಲು ಎಂದು ಹೇಳಬೇಕು. ಎಷ್ಟು ಕೊಡುತ್ತೀರಿ ಎಂದು ನಿಮ್ಮ ಬೆಲೆ ನೀವೇ ಕೂಗಬೇಕು. ಯಾವುದಾದರೂ ಹೋಟೆಲಿನವರು ಒಪ್ಪಿದರೆ ಆಮೇಲಷ್ಟೇ ಅದರ ಹೆಸರು ತಿಳಿಯುತ್ತದೆ. ಅಷ್ಟರಲ್ಲಿ ಕಾರ್ಡಿನಿಂದ ಹಣ ಹೋಗಿರುತ್ತದೆ, ಬೇಡವೆಂದರೆ ವಾಪಸು ಇಲ್ಲ.

ಕಣ್ಣು ಕಟ್ಟಿಕೊಂಡು ವ್ಯಾಪಾರ ಮಾಡಿದ ಹಾಗಾಯಿತಲ್ಲ ಎಂದು ಗುಂಡಿಯಕ್ಕ ಹೆದರಿದಳು. ದೊಡ್ಡ ಹೋಟೆಲಿನವರು ಅರ್ಧ ಬೆಲೆಗೆ ಯಾಕೆ ಕೊಡುತ್ತಾರೆ, ಇದರಲ್ಲಿ ಏನೋ ಮೋಸವಿದೆ ಎಂದಳು.

"ಮೋಸ ಏನೂ ಇಲ್ಲ, ಅಕ್ಕ," ಎಂದ ಮಾರಾಟಗಾರ. "ನಿಮ್ಮ ತಾನಿನಲ್ಲಿ ಉಳಿದ ಬಟ್ಟೆ ಹತ್ತು ವರ್ಷ ಇಟ್ರೂ ಬಟ್ಟೇನೇ. ಖಾಲಿ ರೂಮು ಹಾಗಲ್ಲ, ಸಂಜೆಯ ಹೂವಿದ್ದ ಹಾಗೆ. ಬೆಳಗಾದ್ರೆ ಅದನ್ನ ಯಾರೂ ಕೇಳೋರಿಲ್ಲ. ಅವರು ಎಲ್ಲರೆದುರಿಗೆ ಬೆಲೆ ಇಳಿಸೋ ಹಾಗಿಲ್ಲ, ಅದಕ್ಕೇ ಹೆಸರು ಮುಚ್ಚಿಟ್ಟು ಮಾರ್ತಾರೆ."

ವ್ಯಾಪಾರದ ಮಾತು ವ್ಯಾಪಾರದವಳಿಗೆ ಬೇಗ ತಲೆಗೆ ಹೋಯಿತು. ಅವನು ಇನ್ನೊಂದು ಒಳಗುಟ್ಟನ್ನೂ ಹೇಳಿಕೊಟ್ಟ. ಒಮ್ಮೆ ಕೂಗಿ ಆಗಲಿಲ್ಲವೆಂದರೆ ಅದೇ ಭಾಗಕ್ಕೆ, ಬೆಲೆ ಏರಿಸಿದರೂ, ಅವತ್ತು ಮತ್ತೆ ಕೂಗುವಂತಿಲ್ಲ. ಆದರೆ ನಕ್ಷೆಯಲ್ಲಿ ಇನ್ನೊಂದು ಭಾಗ ಸೇರಿಸಿದರೆ ಅದು ಹೊಸ ಕೂಗು. ಆಸ್ಪತ್ರೆಯ ಬಲಕ್ಕೆ ವಸ್ತುಪ್ರದರ್ಶನದ ಮೈದಾನವಿದೆ, ಪ್ರದರ್ಶನ ಇಲ್ಲದ ವಾರಗಳಲ್ಲಿ ಅಲ್ಲಿನ ಹೋಟೆಲುಗಳು ಬಣಬಣ ಎನ್ನುತ್ತಿರುತ್ತವೆ. ಮೊದಲು ಅಲ್ಲಿಗೆ, ನಾಲ್ಕು ನಕ್ಷತ್ರ ಎಂದು ಕೂಗಬೇಕು. ಆಗದಿದ್ದರೆ ಪಕ್ಕದ ಗೋದಾಮುಗಳ ಬೀದಿ ಸೇರಿಸಬೇಕು. ಅಲ್ಲಿ ನಾಲ್ಕು ನಕ್ಷತ್ರದ ಹೋಟೆಲು ಒಂದೂ ಇಲ್ಲ, ಆದ್ದರಿಂದ ಅಲ್ಲಿಗೆ ಬೀಳುವ ಭಯವೂ ಇಲ್ಲ. ಬೆಲೆ ಸ್ವಲ್ಪ ಏರಿಸಿ ಇನ್ನೊಂದು ಸಲ ಕೂಗಲು ದಾರಿಯಾಯಿತು, ಅಷ್ಟೇ.

ನಾಲ್ಕು ನಕ್ಷತ್ರ ಎಂದಾಗ ಗುಂಡಿಯಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ನಮ್ಮಂಥವರನ್ನು ಬಾಗಿಲಲ್ಲೇ ತಡೆಯುತ್ತಾರೆ ಎಂದಳು. ಹಣ ಕೊಟ್ಟವರನ್ನು ಯಾರೂ ತಡೆಯುವುದಿಲ್ಲ ಎಂದು ಹೇಳಿ ಅವನು ಫೋನನ್ನು ಅವಳ ಕೈಗೇ ಕೊಟ್ಟ, ನೀವೇ ಒತ್ತಿ, ಕಲಿತ ಹಾಗಾಗುತ್ತದೆ ಎಂದ. ಮೊದಲ ಕೂಗು ಬಿದ್ದುಹೋಯಿತು. ಗೋದಾಮಿನ ಬೀದಿ ಸೇರಿಸಿ, ಚೂರು ಏರಿಸಿ ಮತ್ತೆ ಕೂಗಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಂದು ಹೋಟೆಲಿನ ಹೆಸರು ಮೂಡಿತು. ಆಸ್ಪತ್ರೆಯ ಗೇಟಿನಿಂದ ಆರು ನಿಮಿಷದ ನಡಿಗೆ. ಹೊರಗೆ ಹಾಕಿದ ಬೆಲೆಯಲ್ಲಿ ಅರ್ಧಕ್ಕಿಂತ ಕಡಿಮೆ. ಗುಂಡಿಯಕ್ಕ ಎದ್ದು, ಅವನ ಪ್ಯಾಂಟನ್ನು ಎಲ್ಲಕ್ಕಿಂತ ಮೊದಲು ಮುಗಿಸಿ ಇಸ್ತ್ರಿ ಮಾಡಿ ಕೊಟ್ಟಳು.

ಸೋಮವಾರ ಇಬ್ಬರೂ ಆ ಹೋಟೆಲಿಗೆ ಹೋದರು. ಎರಡು ಬಟ್ಟೆಯ ಚೀಲ, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ. ಐದು ವಾರ ಕೈಕಟ್ಟಿ ಕೂತರೆ ಒಪ್ಪಿಕೊಂಡ ಕೆಲಸ ಮುಗಿಸುವವರು ಯಾರು? ಸಾಮಾನು ಹೊರುವವನು ಪೆಟ್ಟಿಗೆಗೆ ಒಂದೇ ಕೈ ಹಾಕಿ, ಮೇಲೇಳದೆ, ಅವರಿಬ್ಬರನ್ನೂ ಒಮ್ಮೆ ನೋಡಿ, ಎರಡು ಕೈ ಹಾಕಿದ. ಕೌಂಟರಿನ ಹುಡುಗಿ ಹೆಸರು ಕೇಳಿದಳು, ಸಹಿ ಹಾಕಿಸಿಕೊಂಡಳು, ಕೀಲಿಯ ಬದಲು ಒಂದು ಕಾರ್ಡು ಕೊಟ್ಟಳು. ಯಾರೂ ತಡೆಯಲಿಲ್ಲ.

ಕೋಣೆಯಲ್ಲಿ ಬಿಳಿ ಹಾಸಿಗೆ, ಬಿಸಿನೀರು, ದೊಡ್ಡ ಕಿಟಕಿ. ಮೈಕಮ್ಮ ಹಾಸಿಗೆಯ ಅಂಚಿನಲ್ಲಿ, ಮುದುರಿ ಹೋದೀತೇನೋ ಎಂಬಂತೆ ಕೂತಳು. ಕಿಟಕಿಯಿಂದ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಆಗಲೇ ಅವಳ ಮಾತು ತಡವರಿಸತೊಡಗಿತ್ತು. "ಇಷ್ಟು ಹತ್ತಿರ," ಎಂದಷ್ಟೇ ಅಂದಳು. ಚುಚ್ಚುಮಾತಿಗಾಗಿ ಕಾದಿದ್ದ ಗುಂಡಿಯಕ್ಕನಿಗೆ ಅದು ಬರದೇ ಇದ್ದದ್ದೇ ಆಶ್ಚರ್ಯ.

ಒಂದೊಂದು ವಾರಕ್ಕೂ ಹೊಸದಾಗಿ ಕೂಗಬೇಕಿತ್ತು. ಆದ್ದರಿಂದ ಒಂದೊಂದು ವಾರಕ್ಕೂ ಹೊಸ ಹೋಟೆಲು. ಶುಕ್ರವಾರ ಊರಿಗೆ ಮರಳುವುದು, ಶನಿವಾರ ಅಂಗಡಿಯಲ್ಲಿ ಕೂತು ಕೂಗುವುದು. ಮೂರನೆಯ ವಾರ ಸಿಕ್ಕಿದ ಹೋಟೆಲಿನಲ್ಲಿ ಕೂಗಿ ಬಂದವರೆಂದು ಲಿಫ್ಟಿನ ಪಕ್ಕದ ಕೋಣೆ ಕೊಟ್ಟರು. ಹಗಲೆಲ್ಲ ಗರ್ ಗರ್ ಸದ್ದು. ಅಷ್ಟರಲ್ಲಿ ಮೈಕಮ್ಮನಿಗೆ ಬಾಯಿಯೊಳಗೆಲ್ಲ ಹುಣ್ಣಾಗಿ ಮಾತು ಪೂರ್ತಿ ನಿಂತಿತ್ತು, ಕೈಯಲ್ಲಿ ಒಂದು ನೋಟುಪುಸ್ತಕ ಬಂದಿತ್ತು. ಅವಳು ಅದರಲ್ಲಿ ಏನೋ ಬರೆದು, ಹಾಳೆ ಹರಿದು, ಕೌಂಟರಿನ ಮೇಲೆ ಇಟ್ಟುಬಂದಳು. "ಇಪ್ಪತ್ತಾರು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಂದಿದ್ದೇನೆ. ಅಲ್ಲಿ ಇದಕ್ಕಿಂತ ನೆಮ್ಮದಿ ಇತ್ತು" ಎಂದು ಅದರಲ್ಲಿತ್ತು. ಮ್ಯಾನೇಜರು ತಾನೇ ಬಂದು ಕ್ಷಮೆ ಕೇಳಿ ಮೂಲೆಯ ಕೋಣೆಗೆ ಬದಲಿಸಿದ. ಚುಚ್ಚುಮಾತು ಕೊನೆಗೂ ಒಳ್ಳೆಯ ಕಡೆಗೆ ಖರ್ಚಾಯಿತು ಎಂದು ಗುಂಡಿಯಕ್ಕ ಅಂದಾಗ ನಾದಿನಿ ನಗಲು ಹೋಗಿ, ನೋವಾಗಿ, ಗಲ್ಲ ಹಿಡಿದುಕೊಂಡಳು.

ಮಧ್ಯಾಹ್ನಗಳಲ್ಲಿ ನಾದಿನಿ ಮಲಗಿದಾಗ ಗುಂಡಿಯಕ್ಕ ಕಿಟಕಿಯ ಹತ್ತಿರ ಟವೆಲು ಮಡಚಿ, ಅದರ ಮೇಲೆ ಯಂತ್ರವಿಟ್ಟು ಸದ್ದಾಗದಂತೆ ಹೊಲಿಯುತ್ತಿದ್ದಳು. ನಾದಿನಿಗೆ ನುಂಗಲು ಆಗುತ್ತಿದ್ದುದು ತೆಳ್ಳನೆಯ ಗಂಜಿ ಮಾತ್ರ. ಹೋಟೆಲಿನ ಅಡುಗೆಮನೆಗೆ ಇಳಿದು ಕೇಳಿಕೊಂಡರೆ ಯಾರೋ ಒಬ್ಬರು ಮಾಡಿಕೊಡುತ್ತಿದ್ದರು. ಯಾವ ಹೋಟೆಲಿನಲ್ಲೂ ಇಲ್ಲವೆನ್ನಲಿಲ್ಲ. ಇದನ್ನು ಅವಳು ಇವತ್ತಿಗೂ ಹೇಳುತ್ತಾಳೆ, ಆರು ಹೋಟೆಲು, ಆರು ಅಡುಗೆಮನೆ, ಒಬ್ಬರೂ ಮುಖ ಸಿಂಡರಿಸಲಿಲ್ಲ ಎಂದು.

ಎಲ್ಲ ಸರಿಹೋಯಿತು ಎನ್ನುವಾಗ ಕಾಲು ಎಡವಿತು. ಐದನೆಯ ವಾರ ಆಸ್ಪತ್ರೆಯ ಮಿಷನ್ನು ಕೆಟ್ಟು ಮೂರು ದಿನ ಚಿಕಿತ್ಸೆ ನಿಂತಿತು. ತಪ್ಪಿದ ಮೂರು ದಿನವನ್ನು ಏಳನೆಯ ವಾರದಲ್ಲಿ ಕೊಡುತ್ತೇವೆ ಎಂದರು. ಆರನೆಯ ವಾರ ಹೇಗೋ ಕಳೆಯಿತು. ಏಳನೆಯ ವಾರಕ್ಕೆ ಕೂಗಲು ಕೂತಾಗ ಗೊತ್ತಾಯಿತು, ಅದೇ ವಾರ ಮೈದಾನದಲ್ಲಿ ಯಂತ್ರೋಪಕರಣಗಳ ದೊಡ್ಡ ಪ್ರದರ್ಶನ. ದೇಶದೇಶದವರು ಬಂದಿಳಿಯುವವರಿದ್ದರು. ಮೊದಲ ಕೂಗು ಬಿತ್ತು. ಗೋದಾಮಿನ ಬೀದಿ ಸೇರಿಸಿದಳು, ಬಿತ್ತು. ಇನ್ನೂ ಒಂದೆರಡು ಭಾಗ ಸೇರಿಸಿ, ಬೆಲೆ ಏರಿಸಿ ಏರಿಸಿ ಸುಸ್ತಾದಳು. ಸೇರಿಸಲು ನಕ್ಷೆಯಲ್ಲಿ ಉಳಿದದ್ದು ಹಳೆಯ ಬಂದರಿನ ಭಾಗ ಒಂದೇ. ಅಲ್ಲಿ ದೊಡ್ಡ ಹೋಟೆಲು ಇರಲಾರದು ಎಂಬ ಧೈರ್ಯದಲ್ಲಿ ಅದನ್ನೂ ಒತ್ತಿದಳು. ಈ ಸಲ ಕೂಗಿಗೆ ಒಪ್ಪಿಗೆ ಸಿಕ್ಕಿತು. ಹೆಸರು ಮೂಡಿತು. ಬಂದರಿನ ಪಕ್ಕದಲ್ಲಿ ಹೊಸದಾಗಿ ಕಟ್ಟಿದ್ದ ಹೋಟೆಲು, ಆಸ್ಪತ್ರೆಯಿಂದ ಎಂಟು ಕಿಲೋಮೀಟರು.

ಹಣ ಹೋಗಿತ್ತು. ಬದಲಿಸುವಂತಿರಲಿಲ್ಲ. ನಾದಿನಿ ಅಷ್ಟರಲ್ಲಿ ಗಾಳಿಗೆ ಹಾರುವಂತಾಗಿದ್ದಳು, ಆಸ್ಪತ್ರೆಯ ಮೆಟ್ಟಿಲು ಹತ್ತಲೂ ತೋಳು ಹಿಡಿಯಬೇಕಿತ್ತು. ಗುಂಡಿಯಕ್ಕ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಗಂಡ ಹೋದಾಗಲೂ ನಾದಿನಿಯ ಮುಂದೆ ಅತ್ತವಳಲ್ಲ. ತನ್ನ ಜಾಣತನವೇ ತನ್ನನ್ನು ಮುಳುಗಿಸಿತು, ಬಡವಿ ನೆಟ್ಟಗೆ ಒಂದು ಧರ್ಮಛತ್ರ ಹುಡುಕುವುದು ಬಿಟ್ಟು ಹರಾಜು ಕೂಗಲು ಹೋದೆ ಎಂದು ತನ್ನನ್ನೇ ಬೈದುಕೊಂಡಳು.

ಮೈಕಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ನೋಟುಪುಸ್ತಕ ತಂದು ಬರೆದು ತೋರಿಸಿದಳು. "ಅಳಬೇಡ, ಅತ್ತಿಗೆ. ಬಸ್ಸಿನ ವಿಷಯ ನನಗೆ ಬಿಡು."

ಬಿಟ್ಟದ್ದಕ್ಕೆ ಏನಾಯಿತೆಂದರೆ, ಮೈಕಮ್ಮ ಫೋನಿನಲ್ಲಿ ನಗರದ ಬಸ್ಸುಗಳ ವೇಳಾಪಟ್ಟಿ ತೆಗೆಸಿ ಅರ್ಧ ತಾಸು ಕೂತಳು. ಬೆರಳಿನಿಂದ ಒಂದೊಂದೇ ಸಾಲು ಮೇಲೆ ಕೆಳಗೆ ಸರಿಸುವಾಗ ಅವಳಿಗೆ ಗಾಜಿನ ಗೂಡಿನಲ್ಲಿ ಕೂತಿದ್ದ ದಿನಗಳ ಮುಖವೇ ಮರಳಿ ಬಂದಿತ್ತು. ಕೊನೆಗೆ ಒಂದು ಬಸ್ಸಿನ ನಂಬರನ್ನು ನೋಟುಪುಸ್ತಕದಲ್ಲಿ ಬರೆದು ಕೆಳಗೆ ಗೀಟು ಎಳೆದಳು. ಆ ಬಸ್ಸು ಹೊರಡುವುದೇ ಬಂದರಿನಿಂದ. ಹೋಟೆಲಿನ ಎದುರಿಗೇ ಅದರ ಮೊದಲ ನಿಲ್ದಾಣ. ಮೊದಲ ನಿಲ್ದಾಣದಲ್ಲಿ ಬಸ್ಸು ಖಾಲಿ, ಕಿಟಕಿಯ ಸೀಟು ಖಾತ್ರಿ. ಎಲ್ಲಿಯೂ ಬದಲಿಸದೆ ಆಸ್ಪತ್ರೆಯ ಗೇಟಿನ ಮುಂದೆಯೇ ಇಳಿಸುತ್ತದೆ, ಇಪ್ಪತ್ತೆರಡು ನಿಮಿಷ. ಹತ್ತೂವರೆಯ ನಂತರ ಹೋದರೆ ನೂಕುನುಗ್ಗಲೂ ಇಲ್ಲ. ಚಿಕಿತ್ಸೆಯ ವೇಳೆಯನ್ನು ಹನ್ನೊಂದೂವರೆಗೆ ಹಾಕಿಸಿಕೋ ಎಂದು ಕೊನೆಯಲ್ಲಿ ಬರೆದಿದ್ದಳು.

ಹಾಗೇ ಆಯಿತು. ಆ ಮೂರು ದಿನ ಅವರು ಖಾಲಿ ಬಸ್ಸಿನಲ್ಲಿ, ಸಮುದ್ರದ ಗಾಳಿಗೆ ಮುಖವೊಡ್ಡಿ ಕೂತು ಆಸ್ಪತ್ರೆಗೆ ಹೋಗಿ ಬಂದರು. ಹತ್ತಿರ ಎಂದರೆ ನಕ್ಷೆಯ ಮೇಲಿನ ಗೇಣಲ್ಲ, ಕೂತು ಹೋಗಲು ಒಂದು ಸೀಟು ಇದ್ದರೆ ಅದೂ ಹತ್ತಿರವೇ ಎಂದು ಗುಂಡಿಯಕ್ಕ ಕಲಿತದ್ದು ಆಗ. ಕೊನೆಯ ದಿನ ಬಸ್ಸಿನಲ್ಲಿ ನಾದಿನಿ ತಾನಾಗಿ ಅವಳ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದಳು. ಭುಜ ಜೋಮು ಹಿಡಿದರೂ ಗುಂಡಿಯಕ್ಕ ಅಲುಗಾಡಲಿಲ್ಲ.

ಮೈಕಮ್ಮ ವಾಸಿಯಾದಳು. ಬಾಯಿ ಮಾಯಲು ನಾಲ್ಕು ತಿಂಗಳು ಬೇಕಾಯಿತು. ಮಾತು ಮರಳಿತು, ಆದರೆ ಬಾಯಲ್ಲಿ ಏನೋ ಇಟ್ಟುಕೊಂಡವರ ಹಾಗೆ ದಪ್ಪಗೆ. ಮೈಕಿನ ಕೆಲಸಕ್ಕೆ ಆಗುವಂತಿರಲಿಲ್ಲ. ಕೆಲಸ ಬಿಟ್ಟು ಅಂಗಡಿಯಲ್ಲಿ ಅತ್ತಿಗೆಯ ಎದುರು ಕೂತಳು. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಈಗ ಯಾವುದೋ ಯಂತ್ರದ ದನಿ. ಅದು ಊರ ಹೆಸರುಗಳನ್ನೆಲ್ಲ ತಪ್ಪಾಗಿ ಹೇಳುತ್ತದೆ ಎಂದು ಇವತ್ತಿಗೂ ಅವಳ ದೂರು.

ಆಸ್ಪತ್ರೆಗೆ ಹೋಗಬೇಕಾದವರು ಊರಿನಲ್ಲಿ ಅವರೊಬ್ಬರೇ ಇರಲಿಲ್ಲ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಮೊದಲು ಬಂದವರು ಹಾಲಿನ ಡೈರಿಯ ಗುಮಾಸ್ತರು, ಹೆಂಡತಿಯ ಎದೆಯ ಗಂಟಿಗೆ. ಆಮೇಲೆ ಒಬ್ಬ ಗಾರೆ ಕೆಲಸದವನು ತಂದೆಯ ಗಂಟಲಿಗೆ. ಅಂಗಡಿಯಲ್ಲಿ ಎರಡು ಕುರ್ಚಿ ಹೆಚ್ಚಿಗೆ ಬಂದವು. ಗುಂಡಿಯಕ್ಕ ಕೂಗುತ್ತಿದ್ದಳು. ಕೂಗುವ ಮೊದಲು ಪ್ರಶ್ನೆ ಕೇಳುವುದು ಮೈಕಮ್ಮನ ಕೆಲಸ. ನಿಲ್ಲದೆ ಎಷ್ಟು ದೂರ ನಡೆಯುತ್ತಾರೆ, ಮೆಟ್ಟಿಲು ಆಗುತ್ತದೋ, ರಾತ್ರಿ ಎಷ್ಟು ಸಲ ಏಳುತ್ತಾರೆ, ಏನು ನುಂಗುತ್ತಾರೆ. ಜೊತೆಗೆ ಬಂದವರು ಉತ್ತರ ಹೇಳಲು ಹೋದರೆ, ನಿಮ್ಮನ್ನಲ್ಲ ಕೇಳಿದ್ದು ಎಂದು ಸುಮ್ಮನಾಗಿಸಿ ರೋಗಿಯ ಕಡೆಗೇ ತಿರುಗುತ್ತಿದ್ದಳು. ಇದಕ್ಕೆಲ್ಲ ಅವರು ಕೂಲಿ ತೆಗೆದುಕೊಳ್ಳಲಿಲ್ಲ. ಕಲಿಸಿದವನು ನಮ್ಮಿಂದ ತೆಗೆದುಕೊಂಡನೇ ಎನ್ನುತ್ತಿದ್ದಳು ಗುಂಡಿಯಕ್ಕ. ಆ ಮಾರಾಟಗಾರ ಮತ್ತೊಮ್ಮೆ ಬಂದಾಗ ಅವಳು ಕಣ್ಣು ತುಂಬಿಕೊಂಡು ಉಪಕಾರ ನೆನೆದಳು. ಅವನಿಗೆ ಆ ಶನಿವಾರದ ನೆನಪೇ ಇರಲಿಲ್ಲ. ಪ್ಯಾಂಟು ಮತ್ತೆ ಬಿಗಿಯಾಗಿದೆ, ಇನ್ನೂ ಬಿಚ್ಚಲು ಬಟ್ಟೆ ಉಳಿದಿದೆಯೇ ಎಂದು ಕೇಳಿದ.

ಹೀಗೆ ಆರು ವರ್ಷ ನಡೆಯಿತು. ಒಂದು ದಿನ ಆ ಸೈಟಿನವರು ಕೂಗುವ ವ್ಯವಸ್ಥೆಯನ್ನೇ ನಿಲ್ಲಿಸಿದರು. ಒತ್ತುವ ಗುಂಡಿಯೇ ಮಾಯ. ಬೇರೆ ಸೈಟುಗಳಲ್ಲಿ ಹುಡುಕಿದರು, ಅಷ್ಟು ಕಡಿಮೆಗೆ ಎಲ್ಲೂ ಸಿಗಲಿಲ್ಲ. ಮುಂದಿನ ವಾರ ಹೋಗಬೇಕಾದ ಒಂದು ಕುಟುಂಬ ಆಗಲೇ ಬಂದು ಕೂತಿತ್ತು.

ಗುಂಡಿಯಕ್ಕ ಅಂಗಡಿಗೆ ಒಂದು ದಿನ ಬೀಗ ಹಾಕಿ ನಾದಿನಿಯನ್ನು ಕರೆದುಕೊಂಡು ನಗರಕ್ಕೆ ಹೊರಟಳು. ತಾವು ಉಳಿದಿದ್ದ ಹೋಟೆಲುಗಳಿಗೆ ಒಂದೊಂದಾಗಿ ಹೋಗಿ ಮ್ಯಾನೇಜರನ್ನು ಕಾಣಬೇಕೆಂದಳು. ಎರಡು ಕಡೆ ಕಾಯಿಸಿ ಕಳಿಸಿದರು. ಮೂರನೆಯ ಕಡೆ ಒಬ್ಬ ಮಧ್ಯವಯಸ್ಸಿನ ಮ್ಯಾನೇಜರಮ್ಮ ಒಳಗೆ ಕರೆದು ಕೂರಿಸಿದಳು. ಗುಂಡಿಯಕ್ಕ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಆದರೆ ಆ ಮೇಜಿನ ಮುಂದೆ ನಮಸ್ಕಾರ ಹೇಳಿ ನಾದಿನಿಯ ಮುಖ ನೋಡಿದಳು. ಆಗ ಮೈಕಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ಬಿಟ್ಟಿದ್ದವಳು ಅವಳು.

"ಅಮ್ಮ, ನನ್ನ ಮಾತು ನಿಮಗೆ ಸರಿಯಾಗಿ ತಿಳಿಯದೇ ಇರಬಹುದು. ಇನ್ನೊಂದು ಸಲ ಹೇಳು ಅನ್ನಿ, ಹೇಳ್ತೀನಿ," ಎಂದಳು. "ನಿಮ್ಮಲ್ಲಿ ಹೇಗೂ ಖಾಲಿ ಉಳಿಯೋ ರೂಮುಗಳಿರ್ತವೆ. ಆ ಸೈಟಿಗೆ ಯಾವ ಬೆಲೆಗೆ ಬಿಡ್ತಿದ್ರೋ, ಅದೇ ಬೆಲೆಗೆ ನಮ್ಮೂರ ರೋಗಿಗಳಿಗೆ ಬಿಡಿ. ಮಧ್ಯೆ ಯಾರಿಗೂ ಕಮಿಷನ್ ಬೇಡ. ನಾವು ಒಂದು ವಾರ ಮುಂಚೆ ಫೋನ್ ಮಾಡ್ತೀವಿ. ಇಲ್ಲ ಅಂದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಮ್ಯಾನೇಜರಮ್ಮ ಎರಡು ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಮೈಕಮ್ಮ ಎರಡು ಸಲವೂ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಆಕೆ ಲೆಕ್ಕ ಹಾಕಿ ನೋಡಿ, ಪ್ರದರ್ಶನದ ವಾರಗಳನ್ನು ಬಿಟ್ಟು ಮಿಕ್ಕ ದಿನ ತಿಂಗಳಿಗೆ ನಾಲ್ಕು ಕೋಣೆಯವರೆಗೆ ಆಗಬಹುದು ಎಂದಳು. ತನ್ನ ನೇರ ನಂಬರು ಬರೆದುಕೊಟ್ಟಳು. ಬಂದರಿನ ಹೋಟೆಲಿನವರೂ ಒಪ್ಪಿದರು, ಅವರಿಗೆ ಬಸ್ಸಿನ ನಂಬರನ್ನು ಮೈಕಮ್ಮನೇ ಹೇಳಿಕೊಟ್ಟು ಬಂದಳು. ತಮ್ಮ ಬಾಗಿಲಿನಿಂದ ಆಸ್ಪತ್ರೆಗೆ ನೇರ ಬಸ್ಸಿದೆ ಎಂದು ಅವರಿಗೇ ತಿಳಿದಿರಲಿಲ್ಲ.

ವಾಪಸು ಬರುವಾಗ ಗುಂಡಿಯಕ್ಕ ಎಣಿಸುತ್ತ ಬಂದಳು. ಪ್ಯಾಂಟು ಬಿಗಿಯಾಗಿ ಬಂದ ಮಾರಾಟಗಾರ, ಗಂಜಿ ಕುದಿಸಿಕೊಟ್ಟ ಹೆಸರಿಲ್ಲದ ಕೈಗಳು, ಎರಡು ಕೈ ಹಾಕಿ ಪೆಟ್ಟಿಗೆ ಎತ್ತಿದವನು, ಈ ಮ್ಯಾನೇಜರಮ್ಮ. ಇವರಲ್ಲಿ ಒಬ್ಬರಿಗೂ ತಾನು ಏನೂ ಆಗಬೇಕಾದವಳಲ್ಲ. ಋಣ ಯಾರಿಗೆ ತೀರಿಸಲಿ ಎಂದು ನಾದಿನಿಯನ್ನು ಕೇಳಿದಳು. ಮುಂದೆ ಬಂದು ಕೂತವರಿಗೆ ತೀರಿಸು, ಬೇರೆ ಲೆಕ್ಕ ನನಗೆ ಬರುವುದಿಲ್ಲ ಎಂದಳು ನಾದಿನಿ.

ಕಳೆದ ವಾರ ಒಬ್ಬ ಮುದುಕ ಬಡಗಿಯೂ ಅವನ ಹೆಂಡತಿಯೂ ನಗರದಿಂದ ಮರಳಿ ನೇರವಾಗಿ ಅಂಗಡಿಗೇ ಬಂದರು. ಆರು ವಾರ ಮುಗಿಸಿ ಬಂದಿದ್ದರು. ಹೇಗಿತ್ತು ಎಂದು ಕೇಳಿದರೆ ಹೆಂಡತಿ, ಎಲ್ಲ ಚೆನ್ನಾಗಿತ್ತಮ್ಮ, ಹಾಸಿಗೆ ಮಾತ್ರ ಬಹಳ ಮೆತ್ತಗೆ, ಇವರು ಒಂದು ದಿನವೂ ಅದರ ಮೇಲೆ ಮಲಗದೆ ನೆಲದ ಮೇಲೇ ಮಲಗಿದರು ಎಂದಳು. ಗುಂಡಿಯಕ್ಕ ನಗುತ್ತ ಮೆಷಿನ್ನು ನಿಲ್ಲಿಸಿದಳು. ಮೈಕಮ್ಮ ನೋಟುಪುಸ್ತಕ ತೆಗೆದು, ಕೇಳಬೇಕಾದ ಪ್ರಶ್ನೆಗಳ ಪಟ್ಟಿಯ ಕೊನೆಗೆ, ಮಲಗಲು ಮೆತ್ತಗೋ ಗಟ್ಟಿಯೋ ಎಂದು ಸೇರಿಸಿದಳು.